ಹೇಸಿಗೆಯ ಕುರಿತು ಒಂದು ಸಮ್ಮೇಳನ

ಯಲಹಂಕದ ಆಚೆ ಒಂದು ಕಾಲೇಜಿನಲ್ಲಿ ಕಲೆ ಮತ್ತು ತತ್ವಶಾಸ್ತ್ರವನ್ನು ಒಂದೇ ಚಪ್ಪರದಡಿ ಕೂಡಿಸುವ ಸಮ್ಮೇಳನ ನಡೆಯಿತು. ಆ ಸಲದ ವಿಷಯ ಹೇಸಿಗೆ. ಪಂಡಿತರು ಪ್ರಬಂಧ ಓದುವುದು, ನನ್ನಂಥ ಕಲಾವಿದರು ಕೃತಿಯನ್ನಿಟ್ಟು ಅದರ ಬಗ್ಗೆ ಹದಿನೈದು ನಿಮಿಷ ಮಾತಾಡುವುದು. ಆಹ್ವಾನ ಓದಿ ನನಗೆ ನಗು ಬಂತು. ಈ ವಿಷಯದಲ್ಲಿ ನಮ್ಮ ಮನೆಯವರನ್ನು ಮೀರಿಸಿದ ಅನುಭವಸ್ಥರು ಯಾರಿದ್ದಾರೆ?

ಕೆಂಪಾಪುರದಲ್ಲಿ ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ರಾಜಕಾಲುವೆ ಇದೆ. ಅಮ್ಮ ಮದುವೆಯಾಗಿ ಬಂದಾಗ ಅದರಲ್ಲಿ ಮಳೆನೀರು ಹರಿಯುತ್ತಿತ್ತಂತೆ. ಈಗ ಹರಿಯುವುದು ಸುತ್ತಲಿನ ಅಪಾರ್ಟ್‌ಮೆಂಟುಗಳ ಕಕ್ಕಸಿನ ನೀರು. ಜೋರು ಮಳೆ ಬಂದರೆ ಅದು ಹಿತ್ತಿಲು ದಾಟಿ ಅಡುಗೆಮನೆಯ ಹೊಸ್ತಿಲವರೆಗೂ ಬರುತ್ತದೆ. ನೆಂಟರು ಕಾಫಿ ಲೋಟ ಹಿಡಿದುಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಒಳಗೆ ಬನ್ನಿ ಎಂದರೆ, ‘ಇಲ್ಲೇ ಗಾಳಿ ಚೆನ್ನಾಗಿದೆ’ ಎನ್ನುತ್ತಾರೆ.

ನನಗಿದ್ದ ಆಸೆ ಒಂದೇ. ಅಮ್ಮ ಹಗಲೂ ರಾತ್ರಿ ಉಸಿರಾಡುವ ಗಾಳಿಯನ್ನು ಆ ಪಂಡಿತರೂ ಹದಿನೈದು ನಿಮಿಷ ಉಸಿರಾಡಬೇಕು. ಆಮೇಲೆ ಬೇಕಾದ ಪ್ರಬಂಧ ಓದಿಕೊಳ್ಳಲಿ.

ಅಮ್ಮನ ಹಳೆಯ ವಾಯಿಲ್ ಸೀರೆಗಳನ್ನು ಕಾಲುವೆಯಲ್ಲಿ ಅದ್ದಿದೆ. ತಾರಸಿಯ ಮೇಲೆ ಒಣಗಿಸಿ ಮತ್ತೆ ಅದ್ದಿದೆ. ಒಂದೊಂದು ಸಲಕ್ಕೂ ಕಂದು ಗೆರೆಯೊಂದು ಬಟ್ಟೆಯ ಮೇಲೆ ಕೂರುತ್ತಿತ್ತು. ಅಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. “ಜನ ಕೊಳೆ ಬಿಡಿಸಕ್ಕೆ ಬಟ್ಟೆ ಅದ್ತಾರೆ, ನೀನು ಕೊಳೆ ಅಂಟಿಸಕ್ಕೆ ಅದ್ತೀಯಲ್ಲೇ! ಓದ್ಸಿದ್ದಕ್ಕೂ ಸಾರ್ಥಕ ಆಯ್ತು” ಎಂದಳು. ಆದರೆ ತನ್ನ ಸೀರೆ ಕಾಲೇಜಿನಲ್ಲಿ ತೂಗುವುದನ್ನು ನೋಡಬೇಕೆಂಬ ಆಸೆ ಅವಳಿಗೂ ಇತ್ತು. ಭಾಷಣವೆಲ್ಲ ಮುಗಿದ ಮೇಲೆ, ಊಟದ ಹೊತ್ತಿಗೆ ಬಾ ಎಂದು ಹೇಳಿದ್ದೆ.

ಬೆಳಿಗ್ಗೆಯೇ ಹೋಗಿ ಸಭಾಂಗಣದಲ್ಲಿ ಹಗ್ಗ ಕಟ್ಟಿ ಸೀರೆ ತೂಗುಹಾಕಿದೆ, ಕಿಟಕಿಗಳನ್ನು ಮುಚ್ಚಿಸಿದೆ. ಕಿಟಕಿ ಮುಚ್ಚಿದವರು ಮೂಗು ಮುಚ್ಚಿಕೊಂಡಿದ್ದು ನೋಡಿ, ವಾಸನೆ ಚೆನ್ನಾಗಿಯೇ ಕಟ್ಟಿಕೊಂಡಿದೆ ಎಂದುಕೊಂಡೆ. ಸಮಾಧಾನದಿಂದ ಕಾಫಿ ಕುಡಿಯಲು ಹೊರಗೆ ಹೋದೆ.

ವಾಪಸು ಬಂದು ಬಾಗಿಲು ತೆರೆದರೆ ಮಲ್ಲಿಗೆಯ ಘಾಟು ಮುಖಕ್ಕೆ ಹೊಡೆಯಿತು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಮಲ್ಲಿಗೆ. ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ದೀಪದ ಕಂಬದ ಹತ್ತಿರ ಊದುಬತ್ತಿಯ ಗೊಂಚಲೇ ಹೊಗೆಯಾಡುತ್ತಿತ್ತು. ಉಸ್ತುವಾರಿ ವಹಿಸಿದ್ದ ಅಧ್ಯಾಪಕಿ ಸ್ಪ್ರೇ ಡಬ್ಬಿ ಹಿಡಿದು ನನ್ನ ಸೀರೆಗಳಿಗೆ ಒಂದೊಂದಾಗಿ ಹೊಡೆಯುತ್ತಿದ್ದಳು.

“ಸಾರಿ ಮ್ಯಾಮ್, ಚೀಫ್ ಗೆಸ್ಟ್ ಬಂದ್ಬಿಟ್ರು. ಸ್ವಲ್ಪ ಸ್ಮೆಲ್ ಇತ್ತು, ಅದಕ್ಕೇ.”

“ಆ ಸ್ಮೆಲ್ಲೇ ಕಣ್ರೀ ನನ್ ಕೆಲಸ!”

“ಗೊತ್ತು ಮ್ಯಾಮ್. ತುಂಬಾ ಪವರ್‌ಫುಲ್ ಆಗಿತ್ತು. ಆದ್ರೆ ದೀಪ ಹಚ್ಚೋ ಟೈಮಲ್ಲಿ ಹೇಗೆ ಮ್ಯಾಮ್?”

ನನಗೆ ಮೈಯೆಲ್ಲ ಉರಿದುಹೋಯಿತು. ಹೇಸಿಗೆಯ ಬಗ್ಗೆ ಸಮ್ಮೇಳನ ಮಾಡುವವರಿಗೂ ಉದ್ಘಾಟನೆಗೆ ಮಂಗಳಕರ ವಾತಾವರಣ ಬೇಕು. ಮುಖ್ಯ ಅತಿಥಿ ಒಳಗೆ ಬಂದರು, ದೀಪ ಹಚ್ಚಿದರು, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಹೇಸಿಗೆಯೂ ಒಂದು ರಸ ಎಂದು ನಲವತ್ತು ನಿಮಿಷ ಕೊರೆದರು. ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ, ಆ ಗಾದೆಗೆ ಕಟ್ಟು ಹಾಕಿಸಿ ಅಲ್ಲೇ ತೂಗುಹಾಕಬಹುದಿತ್ತು.

ನನ್ನ ಸರದಿ ಬಂದಾಗ ಬಾಯಿ ಕಹಿಯಾಗಿತ್ತು. ಕಾಲುವೆ, ಅಮ್ಮ, ಸೀರೆ ಎಂದು ಏನೋ ಒದರಿದೆ. ಖಾದಿ ಜುಬ್ಬಾ ತೊಟ್ಟ ಪಂಡಿತರೊಬ್ಬರು ಎದ್ದು ನಿಂತರು. ಕೊಳಚೆಯ ಮೇಲೆ ಮಲ್ಲಿಗೆಯ ಪರಿಮಳವನ್ನು ಲೇಪಿಸಿದ್ದು ಅದ್ಭುತ ವ್ಯಂಗ್ಯ, ಕೃತಿಯ ಜೀವಾಳವೇ ಅದು ಎಂದರು.

“ಅದು ನಾನು ಮಾಡಿದ್ದಲ್ಲ ಸರ್. ನಿಮ್ಮೋರೇ ಹೊಡೆದಿದ್ದು.”

“ಕಲಾವಿದೆಯ ಉದ್ದೇಶ ಇಲ್ಲಿ ಅಷ್ಟು ಮುಖ್ಯ ಅಲ್ಲಮ್ಮಾ” ಎಂದು ಅವರು ಮುಗುಳ್ನಕ್ಕರು. ಸಭೆ ಚಪ್ಪಾಳೆ ತಟ್ಟಿತು. ಅಂದು ನಿಜವಾಗಿ ಹೇಸಿಗೆಪಟ್ಟವಳು ಬಹುಶಃ ನಾನೊಬ್ಬಳೇ. ಆ ಚಪ್ಪಾಳೆಗೆ ವಾಕರಿಕೆಯೇ ಬಂತು.

ಊಟದ ಹೊತ್ತಿಗೆ ಅಮ್ಮ ಬಂದಳು. ಬೀರುವಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟಿದ್ದಳು. ಶಾಮಿಯಾನದ ಕೆಳಗೆ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು. ಜುಬ್ಬಾದ ಪಂಡಿತರು ಕೂತಿದ್ದ ಮೇಜಿನಲ್ಲೇ, ಫ್ಯಾನಿಗೆ ಹತ್ತಿರವಾಗಿ, ಅವಳಿಗೊಂದು ಕುರ್ಚಿ ಹಿಡಿದಿದ್ದೆ. ನಮ್ಮಮ್ಮ ಎಂದು ಪರಿಚಯ ಹೇಳಿದೆ. ಅವರು ಕೈ ಮುಗಿದರು. ಅಮ್ಮನೂ ಮುಗಿದಳು, ಆದರೆ ಕೂರಲಿಲ್ಲ. ಫ್ಯಾನನ್ನೊಮ್ಮೆ, ಅವರನ್ನೊಮ್ಮೆ ನೋಡಿ ಕುರ್ಚಿಯನ್ನು ಮೇಜಿನ ಆ ತುದಿಗೆ ಎಳೆದುಕೊಂಡು ಹೋದಳು. ಸೆರಗನ್ನು ಸುತ್ತಿ ಮಡಿಲಲ್ಲಿ ಅದುಮಿಟ್ಟುಕೊಂಡು ಕೂತಳು.

ಬೆಳಿಗ್ಗೆಯಿಂದ ತಡೆದಿಟ್ಟ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ಹತ್ತಿರ ಹೋಗಿ, “ಯಾಕಮ್ಮಾ ಇಲ್ಲಿ ಬಂದು ಕೂತೆ? ಇಲ್ಲಿ ಗಾಳೀನೇ ಬರಲ್ಲ” ಎಂದೆ.

“ಮೆತ್ತಗೆ ಮಾತಾಡೇ” ಎಂದಳು. “ಅಲ್ಲಿ ಕೂತ್ರೆ ನನ್ ಮ್ಯಾಗಿನ ಗಾಳಿ ಅವ್ರ ಕಡೀಕೇ ಓಗುತ್ತೆ. ಪಾಪ, ಉಣ್ತಾವ್ರೆ. ಬಸ್ಸಲ್ಲೂ ನಾನು ಇಂಗೇ ನೋಡ್ಕೊಂಡು ಕೂರಾದು.”

ಬಗ್ಗಿ ಅವಳ ಸೆರಗಿಗೆ ಮೂಗು ಹಚ್ಚಿದೆ. ಏನೂ ವಾಸನೆ ಬರಲಿಲ್ಲ. ಬರುವುದಾದರೂ ಹೇಗೆ? ನಾನೂ ಆ ಮನೆಯಲ್ಲೇ ಮಲಗಿ ಏಳುವವಳು.