ಗುರುಶಾಂತಪ್ಪನವರ ಹಲ್ಲು ಸೆಟ್ಟು

ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ಗುರುಶಾಂತಪ್ಪನವರದು ಬ್ಲೌಸ್ ಪೀಸಿನ ಅಂಗಡಿ. ಮೂವತ್ತು ವರ್ಷ ಅವರು ಬಟ್ಟೆಯ ಅಂಚನ್ನು ಮುಂದಿನ ಹಲ್ಲಲ್ಲಿ ಕಚ್ಚಿ, ಆಮೇಲೆ ಕೈಯಲ್ಲಿ ಪರ್ರನೆ ಹರಿದು ಕೊಟ್ಟವರು. ಕತ್ತರಿ ಗಲ್ಲಾದ ಮೇಲೆಯೇ ಇರುತ್ತಿತ್ತು. ಐವತ್ತೆಂಟರ ಹೊತ್ತಿಗೆ ಒಸಡು ಸಡಿಲವಾಗಿ ಹಲ್ಲುಗಳು ಒಂದೊಂದಾಗಿ ಹೋದವು. ಡೆಂಟಿಸ್ಟ್ ಉಳಿದವನ್ನೂ ಕಿತ್ತು, ಮೇಲೊಂದು ಕೆಳಗೊಂದು ಸೆಟ್ಟು ಕೂರಿಸಿದರು.

ರಾತ್ರಿ ತೆಗೆದು ನೀರಲ್ಲಿಡಿ ಎಂದು ಅವರು ಹೇಳಿಯೇ ಕಳಿಸಿದ್ದರು. ಗುರುಶಾಂತಪ್ಪ ತೆಗೆಯಲಿಲ್ಲ. ತಮ್ಮ ಬೊಚ್ಚುಬಾಯಿಯನ್ನು ಹೆಂಡತಿ ಶಿವಬಸಮ್ಮ ನೋಡಬಾರದು ಎಂಬುದು ಅವರ ಹಟ. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಗಟ್ಟಿ ಬ್ರಶ್ಶಿಗೆ ಪೇಸ್ಟ್ ಹಚ್ಚಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ, ಹಾಕಿಕೊಂಡೇ ಹೊರಗೆ ಬರುತ್ತಿದ್ದರು. ಹೀಗೆ ಒಂಬತ್ತು ವರ್ಷ.

ಹೋದ ಯುಗಾದಿಯ ನಂತರ ಅವರಿಗೆ ಸಾರು ಉಂಡರೆ ಬಾಯಿ ಉರಿಯತೊಡಗಿತು. ಮೊದಲು ಮೆಣಸಿನಪುಡಿಯ ಮೇಲೆ ಅನುಮಾನ ಬಂತು. ಬೇರೆ ಅಂಗಡಿಯಿಂದ ತಂದರು. ಆಮೇಲೆ ಹೆಂಡತಿಯ ಕೈಯಳತೆಯ ಮೇಲೆ ಅನುಮಾನ ಬಂತು. ಅದನ್ನು ಬಾಯಿಬಿಟ್ಟು ಹೇಳಿದ್ದರಿಂದ ಮೂರು ದಿನ ಮನೆಯಲ್ಲಿ ಮೊಸರನ್ನವೇ ಆಯಿತು. ಮೊಸರನ್ನವೂ ಉರಿಯಿತು. ನಾಲ್ಕನೇ ದಿನ ಡೆಂಟಲ್ ಕಾಲೇಜಿಗೆ ಹೋದರು.

ಅಲ್ಲಿ ಸಮನ್ವಿತಾ ಎಂಬ ಡಾಕ್ಟರು ಸೆಟ್ಟು ತೆಗೆಸಿ ನೋಡಿದರು. ಅಂಗುಳು, ಸೆಟ್ಟು ಕೂರುವಷ್ಟು ಜಾಗ ಮಾತ್ರ, ಅಚ್ಚೊತ್ತಿದಂತೆ ಕೆಂಪಗಿತ್ತು. ಸೆಟ್ಟಿನ ಮೇಲೆ ಬಣ್ಣದ ದ್ರವ ಬಿಟ್ಟು ತೊಳೆದರು. ಬಣ್ಣ ಹೋಗಲಿಲ್ಲ.

"ಬಣ್ಣ ಹಿಡ್ಕೊಂಡಿರೋದು ಸೆಟ್ಟಲ್ಲ ಅಂಕಲ್, ಅದರ ಮೇಲಿರೋ ಪದರ. ಸಂಪಿನ ಗೋಡೇಲಿ ಲೋಳೆ ಕಟ್ಟುತ್ತಲ್ಲ, ಹಾಗೆ. ಬ್ಯಾಕ್ಟೀರಿಯಾ, ಫಂಗಸ್ ಎಲ್ಲ ಒಟ್ಟಿಗೆ ಅಂಟ್ಕೊಂಡು ಕೂತಿವೆ."

"ದಿನಾ ತಿಕ್ತೀನಿ ಮೇಡಂ."

"ಪೇಸ್ಟಲ್ಲಿ ತಿಕ್ಕಿ ತಿಕ್ಕಿನೇ ಗೀರು ಬಿದ್ದಿರೋದು. ಆ ಗೀರಲ್ಲೇ ಅವು ಸೇರ್ಕೊಂಡಿವೆ."

ಎಷ್ಟಿರಬಹುದು ಎಂದು ಗುರುಶಾಂತಪ್ಪ ಕೇಳಿದರು. ಕೋಟಿಗಟ್ಟಲೆ ಎಂದರು ಡಾಕ್ಟರು. ಜರಗನಹಳ್ಳಿಯಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟು ಅನುಭವವಿದ್ದ ಗುರುಶಾಂತಪ್ಪ, ಖಾಲಿ ಮಾಡಿಸುವುದು ಹೇಗೆ ಎಂದು ವಿಚಾರಿಸಿದರು. ಡಾಕ್ಟರು ಅಂಗುಳಿಗೆ ಮುಲಾಮು ಬರೆದುಕೊಟ್ಟರು. ಮೆತ್ತನೆ ಬ್ರಶ್ಶು, ಸೋಪು, ರಾತ್ರಿಯಿಡೀ ನೀರು; ಈ ಸೆಟ್ಟು ಹಳೆಯದಾಯಿತು, ಅಂಗುಳು ವಾಸಿಯಾದ ಮೇಲೆ ಹೊಸದು ಮಾಡಿಸಬೇಕು ಎಂದರು.

ಮನೆಗೆ ಬಂದಾಗ ಶಿವಬಸಮ್ಮ ಸೊಪ್ಪು ಬಿಡಿಸುತ್ತಿದ್ದರು. ಗುರುಶಾಂತಪ್ಪ ಗೋಡೆ ನೋಡಿಕೊಂಡು, ಇವತ್ತಿಂದ ಸೆಟ್ಟು ತೆಗೆದಿಟ್ಟು ಮಲಗಬೇಕಂತೆ ಎಂದರು.

"ತೆಗೀರಿ," ಎಂದರು ಶಿವಬಸಮ್ಮ. "ಮೇಲಿನದು ಎಷ್ಟೋ ಸಲ ದಿಂಬಿನ ಮೇಲೆ ಬಿದ್ದಿರ್ತಿತ್ತು. ನಾನೇ ತೊಳ್ದು ವಾಪಸ್ ಇಡ್ತಿದ್ದೆ. ಹೇಗಿದ್ರೂ ನಿದ್ದೇಲಿ ನಿಮ್ಮ ಬಾಯಿ ತೆರ್ದೇ ಇರುತ್ತೆ."

"ಯಾವಾಗಿಂದ?"

"ಮೊದಲನೇ ವಾರದಿಂದ."

"ಹೇಳ್ಬಾರ್ದಿತ್ತಾ?"

"ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ. ನಾನ್ಯಾಕೆ ಹೇಳ್ಲಿ ಅಂತ ಸುಮ್ಮನಿದ್ದೆ."

ಎರಡು ದಿನ ಅವರಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ. ಮೂರನೆಯ ದಿನ ಎದುರಿಗೇ ಕೂತು, ಸೆಟ್ಟಿಲ್ಲದೆ ಅನ್ನ ಸಾರು ಕಲಸಿ ಉಂಡರು. ಆಕೆ ತುಪ್ಪ ಬೇಕಾ ಎಂದಷ್ಟೇ ಕೇಳಿದರು.

ಎರಡು ವಾರದಲ್ಲಿ ಉರಿ ಹೋಯಿತು. ಹೊಸ ಸೆಟ್ಟಿಗೆ ಅಳತೆ ಕೊಟ್ಟು, ಅದು ಬರುವವರೆಗೆ ಗುರುಶಾಂತಪ್ಪ ಅಂಗಡಿಯಲ್ಲಿ ಬೊಚ್ಚುಬಾಯಲ್ಲೇ ಕೂತರು. ಗಿರಾಕಿಗಳಲ್ಲಿ ಒಬ್ಬಿಬ್ಬರು ಅವರ ಬಾಯಿ ನೋಡಿದರು. ಉಳಿದವರು ಬಟ್ಟೆ ನೋಡಿದರು.