ಸೋತರೆ ಕರೆಯುವ ದನಿ

ಅವ್ವ ಹೋದ ಮೇಲೆ ಕಂಪ್ಯೂಟರಿನ ಮೇಲೆ ಒಂದು ಸೀರೆ ಹೊದಿಸಿಟ್ಟಿದ್ದೆವು. ನೇಯುವಾಗ ಅಂಚು ಕೆಟ್ಟ ಸೀರೆ, ಯಾರಿಗೂ ಕೊಡಲು ಬಾರದ್ದು. ಅದರ ಮುಂದೆ ಹಾಯುವಾಗ ನಾನೂ ತಮ್ಮನೂ ಗೋಡೆಗೆ ಸರಿದು ನಡೆಯುತ್ತಿದ್ದೆವು. ನಗುವವರು ನಗಲಿ. ಆ ಪೆಟ್ಟಿಗೆಯೊಳಗೆ ಅವ್ವ ಇದ್ದಳು, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಎಲ್ಲಾ ತಮ್ಮನ ಕಿತಾಪತಿ. ನರಗುಂದದಲ್ಲಿ ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಆ ಹಳೆಯ ಪೆಟ್ಟಿಗೆಯನ್ನು ಗಜೇಂದ್ರಗಡಕ್ಕೆ ಹೊತ್ತು ತಂದಿದ್ದ. ಅದರ ಹೊಟ್ಟೆ ಬಿಚ್ಚಿ, ಒಂದೊಂದೇ ಭಾಗ ಬದಲಿಸಿ, ಕಾರು ಓಡಿಸುವ ಗೇಮ್ ಹಾಕಿಕೊಂಡಿದ್ದ. ಕಾರು ಕಣಿವೆಗೆ ಬಿದ್ದಾಗಲೆಲ್ಲ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಅನ್ನುತ್ತಿದ್ದಳು.

"ಏನಂತಾಳೋ ಅಕಿ?" ಅವ್ವ ಅಡುಗೆಮನೆಯಿಂದ ಕೇಳಿದಳು.

"ನೀ ಸೋತಿ ಅಂತಾಳಬೇ."

"ಕನ್ನಡದಾಗ ಹೇಳಾಕ ಏನ್ ಧಾಡಿ ಆಗೈತಿ ಅಕಿಗೆ?"

ತಮ್ಮನಿಗೆ ಅಷ್ಟೇ ಸಾಕಾಯಿತು. ಅಪ್ಪ ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿಯುವ ತನಕ ಏಳುವವನಲ್ಲ. ಆ ಕಂಡಿಕೆ ಸುತ್ತಿಕೊಡುವವಳು ಅವ್ವ. ಎಷ್ಟು ನೂಲು ಉಳಿದಿದೆ ಎಂಬುದು ಮಗ್ಗದ ಸದ್ದಿನ ಮೇಲೇ ಅವಳಿಗೆ ತಿಳಿಯುತ್ತಿತ್ತು. ಸರಿಯಾಗಿ ಆ ಗಳಿಗೆಗೆ ಒಳಗಿನಿಂದ ಕೂಗುವಳು. ಗಂಡನ ಹೆಸರು ಹೇಳುವಂತಿಲ್ಲವಲ್ಲ, "ಏನ್ರೀ, ರೊಟ್ಟಿ ಆರಾಕತ್ತಾವು, ಏಳ್ರಿ!" ಅನ್ನುವಳು. ತಮ್ಮ ಅದನ್ನು ಗುಟ್ಟಾಗಿ ಮೊಬೈಲಿನಲ್ಲಿ ಹಿಡಿದು, ಗೇಮಿನಲ್ಲಿ ಆ ಇಂಗ್ಲಿಷಿನವಳನ್ನು ತೆಗೆದು, ಅವ್ವನ ದನಿ ಕೂರಿಸಿಬಿಟ್ಟ. ಮೊದಲ ಸಲ ಕಾರು ಬಿದ್ದಾಗ ಅಪ್ಪ ಮಗ್ಗದಿಂದಲೇ "ಬಂದ್ನಿ" ಅಂದ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಜ್ವರ ಬಂದು ವಾರದೊಳಗೆ ಅವಳು ಇಲ್ಲವಾದಳು. ಮಧ್ಯಾಹ್ನವಾದರೆ ಮನೆ ಏನನ್ನೋ ಕಾಯುತ್ತ ನಿಂತ ಹಾಗೆ ಅನಿಸುತ್ತಿತ್ತು. ಯಾರೋ ಇನ್ನೇನು ಬಾಯಿ ತೆರೆಯುತ್ತಾರೆ ಅನಿಸಿ ನಾನು ಹಿಂದೆ ತಿರುಗುತ್ತಿದ್ದೆ.

ಅಪ್ಪ ಮಧ್ಯಾಹ್ನದ ಊಟವನ್ನೇ ಬಿಟ್ಟ. ಕಂಡಿಕೆ ಸುತ್ತುವ ಕೆಲಸ ನನ್ನ ಪಾಲಿಗೆ ಬಂದಿತ್ತು. "ಅಪ್ಪಾ, ಉಣ್ಣಾಕ ಬಾ" ಎಂದರೆ "ಇದೊಂದ ಕಂಡಿಕಿ ಮುಗೀಲಿ" ಅನ್ನುವನು. ಅದು ಮುಗಿದರೆ ಲಾಳಿಗೆ ಮತ್ತೊಂದು ಹಾಕುವನು. ಸಿಟ್ಟು ನೆತ್ತಿಗೇರಿ ಒಮ್ಮೆ ಕಂಡಿಕೆಯ ಬುಟ್ಟಿಯನ್ನೇ ಬಚ್ಚಿಟ್ಟೆ. ಖಾಲಿ ಲಾಳಿ ಹಿಡಿದು ಸಂಜೆಯ ತನಕ ಹಾಗೇ ಕೂತ, ಪುಣ್ಯಾತ್ಮ! ಆಮೇಲೊಂದು ದಿನ ಕಣ್ಣಿಗೆ ಕತ್ತಲೆ ಬಂದು ಮಗ್ಗದ ಮೇಲೇ ಒರಗಿದ. ಹೀಗೇ ಉಣ್ಣದಿದ್ದರೆ ಇವನೂ ನಮ್ಮ ಕೈ ಬಿಟ್ಟು ಹೋಗುತ್ತಾನೆ ಎಂದು ನನಗೆ ಖರೇನೇ ಹೆದರಿಕೆಯಾಯಿತು.

ಹೀಗಿರುವಾಗ, ತಮ್ಮನ ಮನಸ್ಸು ಹಗುರಾಗಲಿ ಎಂದು ಸೋದರಮಾವನ ಮಗ ರೋಣದಿಂದ ತನ್ನ ಗೇಮ್ ಕನ್ಸೋಲ್ ತಂದ. ಟಿ.ವಿ.ಗೆ ಸಿಕ್ಕಿಸಿ ಆಡುವ ನುಣ್ಣನೆಯ ಡಬ್ಬಿ.

"ಇದರದು ಏನೂ ತಕರಾರಿಲ್ಲ ನೋಡು. ಹಚ್ಚು, ಆಡು, ಮುಗೀತು. ನಿನ್ನ ಕಂಪ್ಯೂಟರ್ ಗೊರಗೊರ ಅನ್ನೂ ಮುದುಕಿ, ಗುಜರಿಗೆ ಹಾಕು ಅತ್ತಾಗ."

"ಇದರ ಒಳಗ ಕೈ ಹಾಕಾಕ ಬರತೈತೇನು?" ತಮ್ಮ ಬಹಳ ದಿನಗಳ ಮೇಲೆ ದನಿ ಎತ್ತಿದ. "ಕಂಪನಿಯವರು ಕೊಟ್ಟಂಗ ಆಡಬೇಕು, ಅವರು ಅಂದಿದ್ದ ಕೇಳಬೇಕು. ನಂದರಾಗ ನಾ ಬ್ಯಾಡಾದ್ದ ತಗೀತೀನಿ, ಬೇಕಾದ್ದ ಹಾಕ್ತೀನಿ."

"ಅಂಥಾದ್ದೇನ್ ಹಾಕೀಪಾ, ನೋಡೂಣಲ್ಲ!"

ತಮ್ಮ ತಡೆಯುವಷ್ಟರಲ್ಲಿ ಅವನು ಸೀರೆ ಎಳೆದು, ಬಟನ್ ಒತ್ತಿ, ಗೇಮ್ ತೆರೆದೇಬಿಟ್ಟ. ಅವನಿಗೆ ಆ ಕೀಬೋರ್ಡಿನ ರೂಢಿಯಿಲ್ಲ. ಮೊದಲ ತಿರುವಿನಲ್ಲೇ ಕಾರು ಕಣಿವೆಗೆ ಬಿತ್ತು.

"ಏನ್ರೀ, ರೊಟ್ಟಿ ಆರಾಕತ್ತಾವು, ಏಳ್ರಿ!"

ನಾನು ಒಲೆಯ ಮುಂದೆ, ಅವ್ವ ಕೂರುತ್ತಿದ್ದ ಜಾಗದಲ್ಲೇ ಮಧ್ಯಾಹ್ನದ ರೊಟ್ಟಿ ಬಡಿಯುತ್ತಿದ್ದೆ. ಅವಳ ದನಿ ನನ್ನ ಬೆನ್ನ ಹಿಂದಿನಿಂದ ಬಂತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಪಡಸಾಲೆಯಲ್ಲಿ ಮಗ್ಗ ನಿಂತಿತು.

"ಬಂದ್ನಿ" ಅಂದ ಅಪ್ಪ.

ಕುಣಿಯಿಂದ ಮೇಲೆದ್ದು, ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದು ಗೋಡೆಗೆ ಒರಗಿ ಕೂತ. ನಾನು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದೆ. ಇವನಿಗೆ ಅವ್ವ ಸತ್ತದ್ದೇ ಮರೆತುಹೋಯಿತೋ, ತಲೆ ಕೆಟ್ಟಿತೋ, ಒಂದೂ ತಿಳಿಯದು. ಅವನು ರೊಟ್ಟಿ ಮುರಿದು ತಿನ್ನುತ್ತಿದ್ದ. ಮಾವನ ಮಗ ಬಾಗಿಲಿಗೆ ಅಂಟಿಕೊಂಡು ನಿಂತಿದ್ದ. ತಮ್ಮ ಅಳುತ್ತ ಅಪ್ಪನ ಮುಂದೆ ಕುಕ್ಕರಿಸಿದ.

"ಅಪ್ಪಾ, ಅದು ಅವ್ವ ಅಲ್ಲ... ಗೇಮಿನಾಗ ಸೋತ್ರ ಹಂಗ ಬರತೈತಿ..."

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಗೊತ್ತೈತಪಾ," ಅಂದ. "ನಾಳಿನೂ ಇಷ್ಟೊತ್ತಿಗೇ ಸೋಲು."