ತಲೆಗೆ ಬಂದ ಪಕ್ಕೆಲುಬು

ಹರಪನಹಳ್ಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದಾಗ ನನ್ನ ತಲೆಬುರುಡೆಯ ಒಂದು ಭಾಗ ಪುಡಿಯಾಗಿತ್ತು. ವೈದ್ಯರು ಚೂರುಗಳನ್ನು ತೆಗೆದು ಜೀವ ಉಳಿಸಿದರು, ಆದರೆ ಹಣೆಯ ಮೇಲ್ಭಾಗದಲ್ಲಿ ಮೆತ್ತನೆಯ ಗುಂಡಿಯೊಂದು ಉಳಿಯಿತು. ಕೊಟ್ಟೂರಿನ ನನ್ನ ಬಟ್ಟೆ ಅಂಗಡಿಯಲ್ಲಿ ಟೋಪಿ ಹಾಕಿಕೊಂಡೇ ಕೂರುತ್ತಿದ್ದೆ.

ಮರುವರ್ಷ ದಾವಣಗೆರೆಯಲ್ಲಿ ನನ್ನದೇ ಪಕ್ಕೆಲುಬು ತೆಗೆದು, ಸೀಳಿ, ಆ ಗುಂಡಿಗೆ ಕೂರಿಸಿದರು. ನೋಡಲು ಬಂದ ಅವ್ವ ವೈದ್ಯರನ್ನು ಕೇಳಿದಳು: "ಪಕ್ಕಿ ಎಲುಬು ತಲಿಗಿ ಹಾಕೀರಿ. ಇನ್ನ ಇವ ಉಸಿರು ಎಳದಾಗೆಲ್ಲ ತಲಿ ಉಬ್ಬತೈತೇನ್ರಿ?"

ವೈದ್ಯರು ನಕ್ಕರು. ನಾನೂ ನಕ್ಕು, ಪಕ್ಕೆ ಹಿಡಿದುಕೊಂಡು, "ನಗಸಬ್ಯಾಡಬೇ, ನೋಯತೈತಿ" ಎಂದು ಅವ್ವನನ್ನು ಬೇಡಿಕೊಂಡೆ.

ಗಾಯ ಮಾಗಿದ ಮೇಲೆ, ಅಷ್ಟು ದಿನ ಆ ಜಾಗ ಮುಟ್ಟಲು ಹೆದರುತ್ತಿದ್ದ ಹೆಂಡತಿ ಅಂಗೈಯಿಂದ ಮೆಲ್ಲಗೆ ಸವರಿ ನೋಡಿದಳು.

"ಗಟ್ಟಿ ಐತ್ರಿ!" ಎಂದಳು. ಕೈಯನ್ನು ಮಾತ್ರ ಬೇಗ ತೆಗೆಯಲಿಲ್ಲ.